ಆಯುಧವಿತ್ತವನ ಹೊಣೆ

‘ಕೊಲ್ಲುವುದು ಬಂದೂಕಲ್ಲ, ಮನುಷ್ಯ’ ಎಂಬುದು ಅಮೆರಿಕದ ಬಂದೂಕುಪ್ರಿಯರ ನೆಚ್ಚಿನ ವಾದ. ಅದು ಸರಿಯೆಂದೇ ಇಟ್ಟುಕೊಂಡರೂ, ಆ ಮನುಷ್ಯನು ಗುಂಡು ಹಾರಿಸಿದವನೊಬ್ಬನೇ ಏಕಾಗಬೇಕು?

2021ರ ನವೆಂಬರ್ 30ರಂದು ಮಿಷಿಗನ್ ರಾಜ್ಯದ ಆಕ್ಸ್‌ಫರ್ಡ್ ಪ್ರೌಢಶಾಲೆಯಲ್ಲಿ 15 ವರ್ಷದ ಹುಡುಗನೊಬ್ಬನು ನಾಲ್ವರು ಸಹವಿದ್ಯಾರ್ಥಿಗಳನ್ನು ಗುಂಡಿಕ್ಕಿ ಕೊಂದನು. ಆ ಪಿಸ್ತೂಲನ್ನು ಅವನ ತಂದೆ ಕೊಂಡು ನಾಲ್ಕೇ ದಿನಗಳಾಗಿದ್ದವು. ಅಂದು ಬೆಳಿಗ್ಗೆಯೇ ಹುಡುಗನು ಬರೆದಿದ್ದ ಬಂದೂಕಿನ ಚಿತ್ರವನ್ನು ಕಂಡು ಶಾಲೆಯವರು ತಾಯಿತಂದೆಯರನ್ನು ಕರೆಸಿದ್ದರು. ಅವರು ಮಗನನ್ನು ಮನೆಗೆ ಕರೆದೊಯ್ಯಲಿಲ್ಲ. ಪಿಸ್ತೂಲು ಕೊಂಡ ಸಂಗತಿಯನ್ನು ತಿಳಿಸಲೂ ಇಲ್ಲ. 2024ರಲ್ಲಿ ಇಬ್ಬರಿಗೂ 10ರಿಂದ 15 ವರ್ಷಗಳ ಸೆರೆವಾಸ ವಿಧಿಸಲಾಯಿತು.

ಇದರಿಂದ ಆತ್ಮರಕ್ಷಣೆಯ ಹಕ್ಕಿಗೆ ಕುಂದೇನೂ ಬಂದಿಲ್ಲ. ಮನೆಯಲ್ಲಿ ಕೈಬಂದೂಕು ಇರಿಸಿಕೊಳ್ಳುವ ಹಕ್ಕನ್ನು 2008ರಲ್ಲಿ ಎತ್ತಿಹಿಡಿದ ಅಲ್ಲಿಯ ಸುಪ್ರೀಂ ಕೋರ್ಟೇ, ಆ ಹಕ್ಕು ನಿರಂಕುಶವಲ್ಲವೆಂದೂ ಹೇಳಿದೆ. ಹಕ್ಕು ಮಾತ್ರ ತನ್ನದು, ದುರಂತವೆಲ್ಲ ವಿಧಿಯದು ಎಂಬ ತರ್ಕ ನಿಲ್ಲದು. ರಕ್ಷಣೆಯ ಹೆಸರಿನಲ್ಲಿ ಆಯುಧ ಕೊಂಡವನು ಅದನ್ನು ಎಳೆಯರ ಕೈಗೆ ಸಿಗದಂತೆ ಕಾಯಲೂಬೇಕು. ಕಾಯದಿದ್ದರೆ, ಹರಿದ ನೆತ್ತರಿನಲ್ಲಿ ಅವನ ಪಾಲೂ ಇದೆ.