ಒಂದು ಕಾರ್ಡು ಎಬ್ಬಿಸಿದ ಗದ್ದಲ

ಸೇವೆ ಮಾಡೋದಕ್ಕೆ ಅಂತ ಪರದೇಶಕ್ಕೆ ಹೊರಡುವ ಹುಡುಗ ಹುಡುಗಿಯರಿಗೆ ಬುದ್ಧಿವಾದ ಹೇಳುವವರು ಬೇಕಾದಷ್ಟು ಜನ. ಕುದಿಸಿದ ನೀರನ್ನೇ ಕುಡಿ, ಸೊಳ್ಳೆಪರದೆ ಕಟ್ಟಿಕೊ, ಪಾಸ್‌ಪೋರ್ಟ್ ಜೋಪಾನ, ಕತ್ತಲಾದ ಮೇಲೆ ಒಬ್ಬಳೇ ತಿರುಗಬೇಡ. ಎಲ್ಲ ಸರಿ. ಆದರೆ ಊರಿಗೆ ಕಾಗದ ಬರೆಯುವಾಗ ಹುಷಾರು ಅಂತ ಎಷ್ಟು ಜನ ಹೇಳ್ತಾರೆ?

ಹಾಗೆ ಯಾಕೆ ಹೇಳಬೇಕು ಅನ್ನೋದು ತಿಳಿಯಬೇಕಾದರೆ 1961ರ ಅಕ್ಟೋಬರ್ ತಿಂಗಳಿಗೆ, ಆಫ್ರಿಕಾದ ನೈಜೀರಿಯಾ ದೇಶದ ಇಬಾದಾನ್ ನಗರಕ್ಕೆ ಹೋಗಬೇಕು.

ಆ ವರ್ಷದ ಮಾರ್ಚ್ 1ರಂದು ಅಮೆರಿಕದ ಅಧ್ಯಕ್ಷ ಕೆನಡಿ ‘ಪೀಸ್ ಕೋರ್’ ಎಂಬ ಸೇವಾದಳ ಕಟ್ಟಿದ್ದರು. ಓದು ಮುಗಿಸಿದ ತರುಣರು ಎರಡು ವರ್ಷ ಬಡ ದೇಶಗಳಿಗೆ ಹೋಗಿ ಪಾಠ ಹೇಳಬೇಕು, ಬೇಸಾಯಕ್ಕೆ ನೆರವಾಗಬೇಕು, ಆಸ್ಪತ್ರೆಯಲ್ಲಿ ಕೈಜೋಡಿಸಬೇಕು. ಸಂಬಳ ಅನ್ನುವಂಥದ್ದೇನಿಲ್ಲ. ಹೊಟ್ಟೆಬಟ್ಟೆಗೆ ಸಾಲುವಷ್ಟು ಭತ್ಯೆ, ವಾಪಸು ಹೋದಾಗ ಕೈಗೆ ಸಿಗುವ ಹಾಗೆ ತಿಂಗಳಿಗೆ 75 ಡಾಲರ್ ಜಮೆ. ನೈಜೀರಿಯಾಕ್ಕೆ ಹೋದ ಮೊದಲ ತಂಡಕ್ಕೆ ಇಬಾದಾನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ತರಬೇತಿ. ಆ ತಂಡದಲ್ಲಿ 23 ವರ್ಷದ ಒಬ್ಬ ಹುಡುಗಿ. ಚೆನ್ನಾಗಿ ಓದಿದವಳು, ಒಳ್ಳೆ ಮನಸ್ಸಿನವಳು. ಬಂದು ಇನ್ನೂ ಕೆಲವೇ ವಾರ. ಊರಲ್ಲಿದ್ದ ಗೆಳೆಯನಿಗೆ ಒಂದು ಪೋಸ್ಟ್ ಕಾರ್ಡು ಗೀಚಿದಳು.

ಊರು ಮನಸ್ಸು ಸೆಳೆಯುವಂತಿದೆ ಅಂತಲೂ ಅದರಲ್ಲಿ ಬರೆದಿದ್ದಳು. ಅದರ ಜೊತೆಗೇ, ಹಿಂದುಳಿದ ದೇಶ ಅಂದರೆ ಏನು ಅನ್ನೋದು ಇಲ್ಲಿಗೆ ಬರೋ ತನಕ ಗೊತ್ತಿರಲಿಲ್ಲ, ತಮ್ಮ ತಂಡ ಬಿಟ್ಟರೆ ಮಿಕ್ಕವರ ವಾಸ ಬೀದಿಯಲ್ಲಿ, ಅಡಿಗೆ ಬೀದಿಯಲ್ಲಿ, ವ್ಯಾಪಾರ ಬೀದಿಯಲ್ಲಿ, ಕೊನೆಗೆ ಶೌಚವೂ ಬೀದಿಯಲ್ಲೇ ಅನ್ನುವ ಅರ್ಥದ ನಾಲ್ಕು ಸಾಲು.

ಕಾರ್ಡು ಅಂಚೆ ಡಬ್ಬಿಗೆ ಬೀಳಲಿಲ್ಲ. ದಾರಿಯಲ್ಲಿ ಬಿತ್ತು. ಸಿಕ್ಕಿದ್ದು ಅಲ್ಲಿನ ವಿದ್ಯಾರ್ಥಿಗಳ ಕೈಗೆ.

ಆಮೇಲೆ ಕೇಳಬೇಕೆ? ಕಾರ್ಡಿಗೆ ಪ್ರತಿಗಳಾದವು, ಕಾಲೇಜಿನ ತುಂಬ ಹರಿದಾಡಿದವು. ವಿದ್ಯಾರ್ಥಿಗಳು ಸಭೆ ಸೇರಿದರು, ಧಿಕ್ಕಾರ ಕೂಗಿದರು. ಇವರು ಸೇವೆಗೆ ಬಂದವರಲ್ಲ, ಗೂಢಚಾರರು, ಇವರನ್ನು ಓಡಿಸಿ ಎಂಬ ಕೂಗೆದ್ದಿತು. ಸುದ್ದಿ ಸಮುದ್ರ ದಾಟಿ ಅಮೆರಿಕದ ಪತ್ರಿಕೆಗಳಲ್ಲಿ ಬಂತು. ಮೊದಲಿಂದಲೂ ಈ ಸೇವಾದಳವನ್ನು ಹುಡುಗಾಟ ಅಂತ ಗೇಲಿ ಮಾಡುತ್ತಿದ್ದ ಮಾಜಿ ಅಧ್ಯಕ್ಷ ಐಸೆನ್‌ಹೋವರ್‌ಗೆ ಒಳ್ಳೆ ಸಾಕ್ಷಿ ಸಿಕ್ಕಂತಾಯಿತು. ಹುಡುಗಿ ವಿದ್ಯಾರ್ಥಿಗಳ ಕ್ಷಮೆ ಕೇಳಿ ಕಾಗದ ಬರೆದು ದೇಶ ಬಿಟ್ಟಳು. ಕೆನಡಿ ಆಕೆಯನ್ನು ಬೈಯಲಿಲ್ಲ. ಬೆನ್ನಿಗಿದ್ದೇನೆ ಅಂತ ಸ್ವಂತ ಕೈಯಲ್ಲಿ ಬರೆದು ಕಳಿಸಿದರು. ಆಕೆ ಅದೇ ದಳದ ಕಚೇರಿಯಲ್ಲಿ ಕೆಲಸ ಮುಂದುವರಿಸಿದಳು. ಮುಂದೆ ಹೊರದೇಶಕ್ಕೆ ಹೊರಟವರಿಗೆ, ಕಾಗದ ಬರೀತಾ ಇರಿ, ಕಾರ್ಡು ಮಾತ್ರ ಬೇಡ ಅಂತ ಕೆನಡಿ ನಗೆಚಾಟಿಕೆ ಮಾಡಿದ್ದೂ ಉಂಟು ಎನ್ನುತ್ತಾರೆ.

ಸಿಟ್ಟು ಬಂದದ್ದು ಯಾಕೆ?

ಬರೆದದ್ದು ಸುಳ್ಳಾ ಅಂತ ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಬೀದಿಯಲ್ಲಿ ಅಡಿಗೆ ಮಾಡುವವರು ಇಬಾದಾನಿನಲ್ಲಿ ಇರಲಿಲ್ಲವೆ? ಇದ್ದರು. ಅದನ್ನು ವಿದ್ಯಾರ್ಥಿಗಳಿಗೆ ಹೊರಗಿನವರು ಬಂದು ಹೇಳಬೇಕಾಗಿರಲಿಲ್ಲ. ಆದರೆ ನೈಜೀರಿಯಾಕ್ಕೆ ಸ್ವಾತಂತ್ರ್ಯ ಬಂದದ್ದು 1960ರ ಅಕ್ಟೋಬರ್ 1ರಂದು. ಕಾರ್ಡು ಬಿದ್ದಾಗ ಒಂದು ವರ್ಷ ತುಂಬಿ ಎರಡು ವಾರ. ಬಿಳಿಯರು ಹೋದರಲ್ಲ ಅಂತ ಉಸಿರು ಬಿಡುವಷ್ಟರಲ್ಲಿ ಇನ್ನೊಬ್ಬ ಬಿಳಿಯಳು ಬಂದು ಇದೇನು ಕೊಳಕು ಎಂದರೆ ಹೇಗಾಗಬೇಡ? ಅದೂ ಎಂಥ ಕಾಲೇಜು? ಚಿನುವಾ ಅಚಿಬೆ ಓದಿದ್ದು ಅಲ್ಲಿ. ಮುಂದೆ 1986ರಲ್ಲಿ ನೊಬೆಲ್ ಬಹುಮಾನ ಪಡೆದ ವೋಲೆ ಸೋಯಿಂಕಾ ಓದಿದ್ದೂ ಅಲ್ಲೇ. ಆ ಕಾಲೇಜಿನ ಹುಡುಗರು ತಮ್ಮನ್ನು ಯಾರೋ ಉದ್ಧಾರ ಮಾಡಬೇಕು ಅಂತ ಬಾಯಿಬಿಟ್ಟುಕೊಂಡು ಕೂತವರಲ್ಲ.

ಇನ್ನೊಂದು ಮಾತು. ನೋವು ಕೊಟ್ಟದ್ದು ‘ಬೀದಿ’ ಅನ್ನೋ ಪದಕ್ಕಿಂತ ‘ನಮ್ಮನ್ನು ಬಿಟ್ಟು’ ಅನ್ನೋ ಅರ್ಥ. ಜೊತೆಗಿರೋದಕ್ಕೆ ಬಂದವರು, ಜೊತೆಗೆ ಉಣ್ಣುವವರು, ಕಾಗದದಲ್ಲಿ ಮಾತ್ರ ಗೋಡೆಯ ಆಚೆ ನಿಂತು ಬರೆದರು. ಉಪಕಾರ ಮಾಡುವವರು ಉಂಡ ಮನೆಯ ಹುಳುಕನ್ನು ಪರಊರಿಗೆ ಬರೆದರೆ ಆ ಉಪಕಾರ ಯಾರಿಗೆ ಬೇಕು?

ಇಷ್ಟಾದರೂ ತಂಡದ ಮಿಕ್ಕವರು ಗಂಟುಮೂಟೆ ಕಟ್ಟಲಿಲ್ಲ. ಅಲ್ಲೇ ಇದ್ದರು, ವಿದ್ಯಾರ್ಥಿಗಳ ಜೊತೆ ಮಾತಾಡಿದರು, ಆಮೇಲೆ ಪಾಠ ಹೇಳುವ ಊರುಗಳಿಗೆ ಹೋದರು. ಸಭೆಯ ಗದ್ದಲ ಅಡಗಿದ್ದು ಹೇಳಿಕೆಗಳಿಂದಲ್ಲ, ದಿನಾ ಎದುರು ಬದುರು ಕೂತು ಆಡಿದ ಮಾತಿನಿಂದ.

ಇಲ್ಲಿಗೂ ಬಂದಿದ್ದರು

ಇದೆಲ್ಲ ಎಲ್ಲೋ ಆಫ್ರಿಕಾದ ಕಥೆ ಅಂತ ತಳ್ಳಿಹಾಕುವ ಹಾಗಿಲ್ಲ. ಅದೇ 1961ರ ಡಿಸೆಂಬರಿನಲ್ಲಿ ಪೀಸ್ ಕೋರ್‌ನ ಮೊದಲ ತಂಡ ಭಾರತಕ್ಕೆ, ಪಂಜಾಬಿಗೆ ಬಂತು. ಆಮೇಲೆ ಬೇರೆ ಬೇರೆ ರಾಜ್ಯಗಳಿಗೆ ಬಂದವು, ಆಗಿನ ಮೈಸೂರು ರಾಜ್ಯಕ್ಕೂ ಬಂದವು. ಕೋಳಿ ಸಾಕಣೆ, ಬೇಸಾಯ, ಆರೋಗ್ಯ, ಪೌಷ್ಟಿಕ ಆಹಾರ ಅಂತ ಹಳ್ಳಿಗಳಲ್ಲಿ ಉಳಿದುಕೊಂಡರು. ಬಕೀಟಿನ ನೀರಿನಲ್ಲಿ ಸ್ನಾನ, ಕೈಯಲ್ಲಿ ಊಟ, ಸೈಕಲ್ ಮೇಲೆ ಓಡಾಟ, ಕೆಟ್ಟ ಹೊಟ್ಟೆ, ಊರಿನ ಕಾಗದಕ್ಕೆ ವಾರಗಟ್ಟಲೆ ಕಾಯೋದು. ಹೋದಲ್ಲೆಲ್ಲ ಎರಡೇ ಪ್ರಶ್ನೆ: ಮದುವೆ ಆಗಿದೆಯಾ, ಸಂಬಳ ಎಷ್ಟು? ಸಂಬಳ ಇಲ್ಲ ಅಂದರೆ ಯಾರು ನಂಬ್ತಾರೆ? ಅಷ್ಟು ದೂರದಿಂದ ಬಿಟ್ಟಿ ಕೆಲಸಕ್ಕೆ ಬಂದಿದ್ದಾನೆ ಅಂದರೆ ಒಂದೋ ಪೆದ್ದ, ಇಲ್ಲಾ ಗೂಢಚಾರ. ಅನುಮಾನ ಇಲ್ಲೂ ಇತ್ತು.

ಆದರೆ ಅನುಮಾನ ಕರಗುವ ಗಳಿಗೆಯೂ ಬರುತ್ತೆ. 1963ರ ನವೆಂಬರ್ 22ರಂದು ಕೆನಡಿ ಕೊಲೆಯಾದಾಗ ಎಷ್ಟೋ ದೇಶಗಳಲ್ಲಿ ಹಳ್ಳಿಯ ಜನ ಈ ಹುಡುಗರ ಬಾಗಿಲಿಗೆ ಬಂದು ಸಾವಿನ ಮನೆಗೆ ಬಂದಂತೆ ಕೂತು ಹೋದರು. ಆ ದಿನ ಯಾರು ಸೇವೆ ಮಾಡುವವರು, ಯಾರು ಮಾಡಿಸಿಕೊಳ್ಳುವವರು? ಸ್ವಯಂಸೇವಕರು ಬರೆದಿಟ್ಟ ನೆನಪುಗಳಲ್ಲಿ ಈ ಪ್ರಸಂಗ ಮತ್ತೆ ಮತ್ತೆ ಬರುತ್ತದೆ.

ಕಾರ್ಡಿನ ಕಥೆಗೆ ಎದುರಾಗಿ ಇಡಬೇಕಾದ ಕಥೆ ಒಬ್ಬ ಮುದುಕಿಯದು. ಲಿಲಿಯನ್ ಕಾರ್ಟರ್, ಮುಂದೆ ಅಮೆರಿಕದ ಅಧ್ಯಕ್ಷನಾದ ಜಿಮ್ಮಿ ಕಾರ್ಟರ್ ಅವರ ತಾಯಿ. ದಾದಿ ಕೆಲಸ ಬಲ್ಲವರು. 1966ರಲ್ಲಿ, 68ನೇ ವಯಸ್ಸಿನಲ್ಲಿ, ಇದೇ ದಳ ಸೇರಿ ಮುಂಬಯಿ ಹತ್ತಿರದ ವಿಕ್ರೋಲಿಗೆ ಬಂದರು. ಕಾರ್ಮಿಕರ ಕಾಲೋನಿಯ ದವಾಖಾನೆಯಲ್ಲಿ ಕೆಲಸ. ಮೊದಮೊದಲು ಬಡತನ, ಕಾಯಿಲೆ ಕಂಡು ಕಂಗೆಟ್ಟರು, ಅದನ್ನು ಮಕ್ಕಳಿಗೆ ಬರೆದರು ಕೂಡ. ಆದರೆ ಬರೆಯುತ್ತ ಬರೆಯುತ್ತ ಕಾಗದದಲ್ಲಿ ಕೊಳಕಿನ ಜಾಗಕ್ಕೆ ಜನ ಬಂದರು. ಆ ಕಾಗದಗಳು 1977ರಲ್ಲಿ ಪುಸ್ತಕವಾದವು. ಅದೇ ವರ್ಷ ನಮ್ಮ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ಅಂತ್ಯಕ್ರಿಯೆಗೆ ಅಮೆರಿಕದ ಪರವಾಗಿ ಬಂದದ್ದು ಇದೇ ಅಜ್ಜಿ.

23ರ ಹುಡುಗಿಗೂ ಈ ಅಜ್ಜಿಗೂ ಇದ್ದ ವ್ಯತ್ಯಾಸ ವಯಸ್ಸಿನದಲ್ಲ. ಒಬ್ಬಳಿಗೆ ಸಿಕ್ಕಿದ್ದು ಕೆಲವು ವಾರ, ಇನ್ನೊಬ್ಬರಿಗೆ ಎರಡು ವರ್ಷದ ಹತ್ತಿರ ಹತ್ತಿರ. ಮೊದಲ ತಿಂಗಳಲ್ಲಿ ಕಣ್ಣಿಗೆ ಬೀಳೋದು ಚರಂಡಿ. ಆರನೇ ತಿಂಗಳಲ್ಲಿ ಆ ಚರಂಡಿ ಪಕ್ಕದ ಮನೆಯವರ ಹೆಸರು ಗೊತ್ತಾಗುತ್ತೆ. ವರ್ಷ ಕಳೆದ ಮೇಲೆ ಚರಂಡಿ ಯಾಕೆ ಕಟ್ಟಿಕೊಂಡಿದೆ, ದುಡ್ಡು ಯಾರ ಜೇಬಿಗೆ ಹೋಯಿತು ಅನ್ನೋದೂ ತಿಳಿಯುತ್ತೆ. ಕಾಗದ ಬರೆಯೋದಾದರೆ ಆಗ ಬರೀಬೇಕು.

ಭಾರತದಲ್ಲಿ ಪೀಸ್ ಕೋರ್ ಕೆಲಸ 1976ಕ್ಕೆ ಮುಗಿಯಿತು. ಆದರೆ ಬರುವವರು ನಿಂತಿಲ್ಲ. ಜರ್ಮನಿ ಸರ್ಕಾರ 2008ರಲ್ಲಿ ‘ವೆಲ್ಟ್‌ವೆರ್ಟ್ಸ್’ ಎಂಬ ಯೋಜನೆ ಹೂಡಿತು. 18ರಿಂದ 28 ವರ್ಷದೊಳಗಿನವರು ಸಾಮಾನ್ಯವಾಗಿ ಒಂದು ವರ್ಷ ಹೊರದೇಶದಲ್ಲಿದ್ದು ಕೆಲಸ ಮಾಡೋದು. ಹಾಗೆ ಕರ್ನಾಟಕದ ಶಾಲೆಗಳಿಗೆ, ಸೇವಾಸಂಸ್ಥೆಗಳಿಗೆ ಬಂದವರಿದ್ದಾರೆ. ವಿಶ್ವಸಂಸ್ಥೆಯ ಸ್ವಯಂಸೇವಕರಾಗಿ ಇಲ್ಲಿಂದ ಆಫ್ರಿಕಾಕ್ಕೆ ಹೋಗುವವರೂ ಇದ್ದಾರೆ. ಈಗ ಯಾರೂ ಕಾರ್ಡು ಬರೆಯಲ್ಲ. ಮೂಗು ಸೋರುವ ಮಗುವನ್ನು ಎತ್ತಿಕೊಂಡು ಮೊಬೈಲಿನಲ್ಲಿ ಒಂದು ಫೋಟೋ, ಅಡಿಯಲ್ಲಿ ಎರಡು ಸಾಲು. ಕಾರ್ಡು ದಾರಿಯಲ್ಲಿ ಬಿದ್ದರೆ ಮಾತ್ರ ಬಯಲಾಗುತ್ತಿತ್ತು. ಈ ಫೋಟೋ ಬೀಳಬೇಕಾದ್ದೇ ಇಲ್ಲ, ಕಳಿಸಿದ ಗಳಿಗೆಯಲ್ಲೇ ಬಯಲು. ಆ ಮಗುವಿನ ತಾಯಿಯನ್ನು ಯಾರಾದರೂ ಒಂದು ಮಾತು ಕೇಳಿದ್ದಾರೆಯೆ?

ಹೋಗುವವರಿಗೆ ಒಂದು ಅಳತೆ ಸಾಕು. ಬರೆದದ್ದನ್ನು ಉಣ್ಣುವ ಮನೆಯ ಅಡಿಗೆಕೋಣೆಯಲ್ಲಿ, ಬಡಿಸುವವರ ಎದುರು ಗಟ್ಟಿಯಾಗಿ ಓದಬಹುದಾದರೆ ಕಳಿಸಿ. ನಾಲಿಗೆ ತಡವರಿಸಿದರೆ ಹರಿದುಹಾಕಿ. ಕಷ್ಟ ಬರೆಯಬೇಡಿ ಅಂತಲ್ಲ, ಬರೀರಿ. ಕಷ್ಟ ಪಡುವವರ ಹೆಸರು, ಕೆಲಸ, ಅವರ ನಗು, ಅವರ ಮಾತು ಎಲ್ಲವನ್ನೂ ಸೇರಿಸಿ ಬರೀರಿ.

ಇನ್ನು ಮನೆಯವರ ಪಾಲಿನ ಮಾತು. 1927ರಲ್ಲಿ ಅಮೆರಿಕದ ಕ್ಯಾಥರಿನ್ ಮೇಯೋ ‘ಮದರ್ ಇಂಡಿಯಾ’ ಅಂತ ಒಂದು ಪುಸ್ತಕ ಬರೆದು ಈ ದೇಶದ ಕೊಳಕನ್ನೆಲ್ಲ ಪಟ್ಟಿ ಮಾಡಿದಳು. ದೇಶಕ್ಕೆ ದೇಶವೇ ಕೆಂಡವಾಯಿತು. ಗಾಂಧೀಜಿ ಅದನ್ನು ಚರಂಡಿ ಇನ್‌ಸ್ಪೆಕ್ಟರನ ವರದಿ ಅಂತ ಕರೆದದ್ದು ಎಲ್ಲರ ಬಾಯಲ್ಲೂ ಇದೆ. ಅದೇ ಲೇಖನದಲ್ಲಿ ಅವರು ಹೇಳಿದ ಇನ್ನೊಂದು ಮಾತು ಯಾರ ಬಾಯಲ್ಲೂ ಇಲ್ಲ: ಈ ಪುಸ್ತಕ ಹೊರಗಿನವರ ಕೈಗೆ ಕೊಡತಕ್ಕದ್ದಲ್ಲ, ಆದರೆ ಭಾರತೀಯರು ಓದಿದರೆ ಅಷ್ಟಿಷ್ಟು ಲಾಭವುಂಟು ಎಂಬುದು. ಗಾಂಧಿ ಸುಮ್ಮನೆ ಗಾಂಧಿ ಆಗಲಿಲ್ಲ. ವರದಿ ಬರೆದವಳಿಗೆ ಉತ್ತರ ಕೊಟ್ಟರು, ಚರಂಡಿಯ ಕಡೆಯೂ ನೋಡಿದರು.

ಇಬಾದಾನಿನ ಹುಡುಗರ ಸಿಟ್ಟಿಗೆ ಅರ್ಥವಿತ್ತು. ನಾಳೆ ನಮ್ಮೂರಿನ ಬಗ್ಗೆ ಯಾರಾದರೂ ಹಾಗೆ ಬರೆದರೆ ನಮಗೂ ಬರಬೇಕು. ಆದರೆ ಸಿಟ್ಟು ಇಳಿದ ಮೇಲೆ ಒಂದು ಸಲ ಬೀದಿಗೆ ಇಳಿದು ನೋಡುವುದೂ ಬೇಕು. ಕಾರ್ಡು ಬರೆದವಳನ್ನು ಊರು ಬಿಡಿಸೋದು ಸುಲಭ, ಮೂರು ದಿನದ ಕೆಲಸ. ಕೊಳಕನ್ನು ಊರು ಬಿಡಿಸೋದೇ ಕಷ್ಟ.