ಸ್ಟೇರಿಂಗಿನ ಸದ್ದೂ ಡ್ರೈವರನ ಮಾತೂ

ಮಗ್ಗದ ಸದ್ದು ಬದಲಾದರೆ ಮೊದಲು ತಿಳಿಯುವುದು ನೇಯುವವನಿಗೆ. ಗ್ರೈಂಡರಿನ ಸದ್ದು ಬದಲಾದರೆ ಹಿಟ್ಟು ರುಬ್ಬುವವನಿಗೆ. ಹಾಗೆಯೇ ಕಾರಿನ ಸ್ಟೇರಿಂಗ್ ಕಿರುಗುಟ್ಟಿದರೆ ಮೊದಲು ತಿಳಿಯುವುದು ಡ್ರೈವರನಿಗೆ. ನಮ್ಮ ಬಂಧುಗಳಲ್ಲಿ ಮಾಲೀಕರ ಗಾಡಿ ಓಡಿಸಿ ಹೊಟ್ಟೆ ಹೊರೆಯುವವರೂ ಇದ್ದಾರೆ. ಅವರು ಸದ್ದಿನ ಮಾತೆತ್ತಿದರೆ "ಎರಡು ಹನಿ ಎಣ್ಣೆ ಬಿಡು, ಹೋಗುತ್ತದೆ" ಎಂಬ ಉತ್ತರ ಬರುವುದುಂಟು. ಇದು ಸಲ್ಲದೆಂದು ನಾವು ಹೇಳುತ್ತೇವೆ.

ದೆಹಲಿಯ ಸಮೀಪದ ಮಾನೇಸರಿನಲ್ಲಿ ಮಾರುತಿ ಕಾರುಗಳ ಕಾರ್ಖಾನೆಯಿದೆ. ಅದೇ ಊರಿನಲ್ಲಿ ಐಕ್ಯಾಟ್ ಎಂಬ ವಾಹನ ಪರೀಕ್ಷಾ ಸಂಸ್ಥೆಯೂ ಇದ್ದು, ವಾಹನಗಳ ಸದ್ದನ್ನೂ ನಡುಕವನ್ನೂ ಅಳೆಯುವ ಪ್ರಯೋಗಶಾಲೆಯನ್ನು ಇಟ್ಟುಕೊಂಡಿದೆ. ಗಾಡಿ ತಯಾರಾಗುವಲ್ಲಿ ಸದ್ದಿಗೆ ಇಷ್ಟು ಬೆಲೆಯಿರುವಾಗ, ಗಾಡಿ ಓಡಿಸುವವನ ಕಿವಿಗೆ ಬೆಲೆ ಬೇಡವೆ?

ಸದ್ದಿನ ಮೂಲ ಹುಡುಕುವುದು ಊಹೆಯ ಕೆಲಸವಲ್ಲ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಬೇಕು. ಒಬ್ಬನು ಸ್ಟೇರಿಂಗನ್ನು ನಿಧಾನವಾಗಿ ತಿರುಗಿಸಲಿ; ಇನ್ನೊಬ್ಬನು ಹೊರಗೆ ನಿಂತು, ಕೈಹಾಕದೆ, ಕಿವಿಗೊಡಲಿ. ಸದ್ದು ಸ್ಟೇರಿಂಗಿನ ಬುಡದಲ್ಲೇ ಬಂದರೆ ಪ್ಲಾಸ್ಟಿಕ್ ಮುಚ್ಚಳ ಉಜ್ಜುತ್ತಿರಬಹುದು, ಇಲ್ಲವೆ ಒಳಗಿನ ಬುಷ್ ಒಣಗಿರಬಹುದು. ಮುಂದಿನ ಚಕ್ರದ ಬಳಿ ಬಂದರೆ ಟೈ ರಾಡಿನ ತುದಿಯನ್ನೂ ಬಾಲ್ ಜಾಯಿಂಟನ್ನೂ ನೋಡಬೇಕು. ಅವುಗಳ ರಬ್ಬರ್ ಬೂಟ್ ಹರಿದರೆ ಧೂಳೂ ನೀರೂ ಒಳಸೇರಿ ಗ್ರೀಸ್ ಕೆಡುತ್ತದೆ, ಕೀಲು ಸವೆಯುತ್ತದೆ. ಮೇಲೆ ಎಣ್ಣೆ ಸುರಿದರೆ ಸದ್ದು ಅಡಗೀತು, ಸವೆತ ನಿಲ್ಲದು. ಹೈಡ್ರಾಲಿಕ್ ಪವರ್ ಸ್ಟೇರಿಂಗಿನ ಗಾಡಿ ತಿರುವಿನಲ್ಲಿ ಕಿರುಚಿದರೆ ಬೆಲ್ಟ್ ಸಡಿಲವೇ, ಸ್ಟೇರಿಂಗ್ ಎಣ್ಣೆ ಕಡಿಮೆಯೇ ಎಂದು ನೋಡಬೇಕು.

ದೋಷವು ಕಾರ್ಖಾನೆಯಿಂದಲೇ ಬಂದಿರಲೂಬಹುದು. 2023ರ ಜುಲೈ ತಿಂಗಳಲ್ಲಿ ಮಾರುತಿ ಸುಜುಕಿ ಕಂಪನಿಯು ಎಸ್-ಪ್ರೆಸ್ಸೊ ಮತ್ತು ಈಕೊ ಮಾದರಿಯ 87,599 ಗಾಡಿಗಳನ್ನು ತಪಾಸಣೆಗೆ ಹಿಂದಕ್ಕೆ ಕರೆಯಿತು. ಟೈ ರಾಡಿನ ಒಂದು ಭಾಗದಲ್ಲಿ ದೋಷವಿರಬಹುದು, ಅಪರೂಪಕ್ಕೆ ಅದು ಮುರಿಯಲೂಬಹುದು ಎಂದು ಕಂಪನಿಯೇ ತಿಳಿಸಿತು. ಗಾಡಿ ಮಾಡಿದವರೇ ಹೀಗೆ ತಡೆದು ನೋಡುವಾಗ, ಗಾಡಿ ಕೊಂಡವರು "ಸುಮ್ಮನೆ ಓಡಿಸು" ಎನ್ನುವುದು ಯಾವ ನ್ಯಾಯ?

ಅಪಘಾತವಾದರೆ ಪೊಲೀಸರ ಮುಂದೆ ಮೊದಲು ನಿಲ್ಲುವವನು ಡ್ರೈವರನೇ. ಆದುದರಿಂದ ಬಂಧುಗಳೇ, ಸದ್ದು ಕೇಳಿದ ದಿನವೇ ತಾರೀಖು ಹಾಕಿ ಮಾಲೀಕರಿಗೆ ಬರೆದುಕೊಡಿ. ಒಂದು ನಕಲು ನಿಮ್ಮಲ್ಲಿರಲಿ. ಸ್ಟೇರಿಂಗ್ ಬಿಗಿಯಾದರೆ ಅಥವಾ ಸಡಿಲವಾಗಿ ಆಡಿದರೆ ಗಾಡಿ ಹೊರಗೆ ತೆಗೆಯಬೇಡಿ. ಸವೆದ ಕೀಲಿನ ಖರ್ಚನ್ನು ಡ್ರೈವರನ ಸಂಬಳದಲ್ಲಿ ಹಿಡಿಯುವ ಪದ್ಧತಿಯನ್ನು ನಾವು ಒಪ್ಪುವುದಿಲ್ಲ. ಕೀಲಿಗೆ ಬೆಲೆಯಿದೆ, ಅಂಗಡಿಯಲ್ಲಿ ಸಿಗುತ್ತದೆ. ಡ್ರೈವರನ ಪ್ರಾಣ ಸಿಗುವುದಿಲ್ಲ.