ಅಂಗಾಲಿನ ಜೋಮನ್ನು ಮೊದಲು ಕೀಮೋ ವೈದ್ಯರಿಗೆ ಹೇಳಿ

ಮೈಸೂರಿನಲ್ಲೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲೋ ಕೀಮೋ ಹಾಕಿಸಿಕೊಂಡು ಊರಿಗೆ ಮರಳುವವರಿಗೆ ಕೂದಲು ಉದುರುವುದು, ವಾಂತಿ, ಸುಸ್ತು ಎಲ್ಲ ಮೊದಲೇ ಗೊತ್ತಿರುತ್ತದೆ. ಗೊತ್ತಿಲ್ಲದೆ ಬರುವುದು ಅಂಗಾಲಿನ ಜೋಮು. ಕೆಲವು ಸುತ್ತು ಕೀಮೋ ಆದ ಮೇಲೆ ಬೆರಳ ತುದಿ ಜುಮುಗುಟ್ಟುತ್ತದೆ. ಆಮೇಲೆ ಉರಿ, ಸೂಜಿ ಚುಚ್ಚಿದಂಥ ನೋವು. ನಡೆಯುವಾಗ ಚಪ್ಪಲಿ ಜಾರಿ ಹಿಂದೆ ಉಳಿದದ್ದೂ ತಿಳಿಯುವುದಿಲ್ಲ. ಗುಂಡ್ಲುಪೇಟೆ ಸೀಮೆಯಲ್ಲಿ ಚೆಂಡುಹೂ ಬಿಡಿಸುವ ಹೆಂಗಸಿಗೆ ತೊಟ್ಟು ಬೆರಳಿಗೆ ಸಿಗುವುದಿಲ್ಲ, ರವಿಕೆ ಹುಕ್ಕು ಹಾಕಲು ಸೊಸೆಯನ್ನು ಕರೆಯಬೇಕಾಗುತ್ತದೆ.

ಪ್ಯಾಕ್ಲಿಟ್ಯಾಕ್ಸೆಲ್, ಆಕ್ಸಾಲಿಪ್ಲಾಟಿನ್, ವಿಂಕ್ರಿಸ್ಟಿನ್‌ನಂಥ ಔಷಧಗಳು ಕ್ಯಾನ್ಸರ್ ಕೋಶದ ಜೊತೆಗೆ ನರಕ್ಕೂ ಪೆಟ್ಟು ಕೊಡುತ್ತವೆ. ಉದ್ದದ ನರಗಳಿಗೆ ಪೆಟ್ಟು ಮೊದಲು, ಹಾಗಾಗಿ ಪಾದ ಮೊದಲು. ಇದನ್ನು ಪೂರ್ತಿ ವಾಸಿ ಮಾಡುವ ಮದ್ದು ದೊಡ್ಡಾಸ್ಪತ್ರೆಗಳಲ್ಲೂ ಇಲ್ಲ. ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ 2020ರ ಮಾರ್ಗಸೂಚಿಯಲ್ಲಿ ನೋವಿಗೆಂದು ಒಪ್ಪಿದ್ದು ಡುಲೋಕ್ಸೆಟಿನ್ ಒಂದನ್ನೇ, ಅದರ ಫಲವೂ ಅಷ್ಟಕ್ಕಷ್ಟೆ. ಆಸ್ಪತ್ರೆಯಲ್ಲಿ 'ಇದು ಇರೋದೇ' ಎನ್ನಿಸಿಕೊಂಡು ಬಂದವರು ನಾಟಿ ವೈದ್ಯರ ಮನೆ ಹುಡುಕಿದರೆ ತಪ್ಪು ಹೊರಿಸುವುದು ಹೇಗೆ? ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗಿಡಮೂಲಿಕೆ ತಿಳಿವಳಿಕೆ ಹಗುರವಾಗಿ ಕಾಣುವಂಥದ್ದಲ್ಲ. ಗುಂಡ್ಲುಪೇಟೆಯಿಂದ ವಯನಾಡಿಗೆ ಹೋಗಿ ಎಣ್ಣೆ ಹಚ್ಚಿಸಿಕೊಂಡು ಬರುವುದೂ ದೂರದ ಮಾತಲ್ಲ.

ನಮ್ಮ ತಕರಾರು ಕಷಾಯದ ಮೇಲಲ್ಲ, ಗುಟ್ಟಿನ ಮೇಲೆ.

ಕೀಮೋ ನಡೆಯುತ್ತಿರುವಾಗ ಬರುವ ಜೋಮು ವೈದ್ಯರಿಗೆ ಒಂದು ಸೂಚನೆ. ಅದು ಎಲ್ಲಿಯವರೆಗೆ ಏರಿದೆ, ಅಂಗಿ ಗುಂಡಿ ಹಾಕಲು ಆಗುತ್ತಿದೆಯೇ ಎಂಬುದನ್ನು ನೋಡಿ ಮುಂದಿನ ಸುತ್ತಿನ ಪ್ರಮಾಣ ತಗ್ಗಿಸುತ್ತಾರೆ, ತಡಮಾಡುತ್ತಾರೆ, ಇಲ್ಲವೇ ಔಷಧವನ್ನೇ ಬದಲಿಸುತ್ತಾರೆ. 'ಪಂಡಿತರ ಪುಡಿ ತಗೋತಿದೀನಿ, ಸರಿಹೋಗುತ್ತೆ' ಎಂದು ಸುಮ್ಮನಿದ್ದರೆ ಅದೇ ಪ್ರಮಾಣ ಮತ್ತೆ ಮೈಗೆ ಇಳಿಯುತ್ತದೆ. ಆಗ ಆದ ನಷ್ಟ ಕೆಲವರಲ್ಲಿ ಕೊನೆಯವರೆಗೂ ಉಳಿದುಬಿಡುತ್ತದೆ.

ಗಿಡದ್ದಾದರೆ ಏನೂ ಆಗದು ಎನ್ನುವವರು ನೆನಪಿಡಬೇಕು: ವಿಂಕ್ರಿಸ್ಟಿನ್ ಬರುವುದೇ ನಮ್ಮ ಅಂಗಳದ ನಿತ್ಯಪುಷ್ಪದಿಂದ. ಜಪಾನಿನ ಕಥೆ ಇನ್ನೂ ಕಣ್ಣು ತೆರೆಸುವಂಥದ್ದು. ಅಲ್ಲಿನ ಗೋಶಾಜಿಂಕಿಗನ್ ಹತ್ತು ಮೂಲಿಕೆಗಳ ಸಾಂಪ್ರದಾಯಿಕ ಔಷಧ. ಆಕ್ಸಾಲಿಪ್ಲಾಟಿನ್‌ನಿಂದ ಬರುವ ಜೋಮನ್ನು ಅದು ತಡೆಯುತ್ತದೆ ಎಂದು ಸಣ್ಣ ಪ್ರಯೋಗದಲ್ಲಿ ಭರವಸೆ ಮೂಡಿತ್ತು. ದೊಡ್ಡ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. 2015ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ಮೂಲಿಕೆ ತೆಗೆದುಕೊಂಡವರಲ್ಲಿ ಶೇ 50ರಷ್ಟು ಮಂದಿಗೆ ಹೆಚ್ಚಿನ ಮಟ್ಟದ ನರದ ತೊಂದರೆ ಬಂದರೆ, ಹುಸಿ ಔಷಧ ತೆಗೆದುಕೊಂಡವರಲ್ಲಿ ಅದು ಶೇ 31ರಷ್ಟಿತ್ತು. ಅದು ಗೊತ್ತಾದದ್ದು ಅಲ್ಲಿ ಲೆಕ್ಕ ಇಟ್ಟಿದ್ದರಿಂದ.

ನಮ್ಮಲ್ಲಿ ಅಮೃತಬಳ್ಳಿಯ ಗಲಾಟೆ ನೋಡಿ. ಅದನ್ನು ಸೇವಿಸಿದ ಕೆಲವರಿಗೆ ಯಕೃತ್ತಿಗೆ ಹಾನಿಯಾಯಿತೆಂದು 2021ರಲ್ಲಿ ಮುಂಬೈ ವೈದ್ಯರು ಬರೆದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಹಾಗೆಯೇ ಕಾಣುವ ಬೇರೆ ಬಳ್ಳಿ ಇದ್ದೀತು ಎಂದಿತು. ಯಾರ ಮಾತು ಸರಿಯಾದರೂ ಕೀಮೋ ರೋಗಿಗೆ ಅಪಾಯ ತಪ್ಪಿದ್ದಲ್ಲ. ಪ್ಯಾಕ್ಲಿಟ್ಯಾಕ್ಸೆಲ್, ವಿಂಕ್ರಿಸ್ಟಿನ್ ಎರಡನ್ನೂ ಮೈಯಿಂದ ಹೊರಹಾಕುವುದು ಯಕೃತ್ತು. ಅದು ಸೋತರೆ ಔಷಧ ಮೈಯಲ್ಲೇ ಹೆಚ್ಚು ಹೊತ್ತು ನಿಂತು ನರವನ್ನು ಇನ್ನಷ್ಟು ಕೆಡಿಸುತ್ತದೆ. ಹೆಸರಿಲ್ಲದ ಪೊಟ್ಟಣದ ಪುಡಿಗಳ ಚಿಂತೆ ಬೇರೆ. ಅಂತರ್ಜಾಲದಲ್ಲಿ ಮಾರುವ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದ 2008ರ ಅಮೆರಿಕದ ಅಧ್ಯಯನದಲ್ಲಿ ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಸೀಸ, ಆರ್ಸೆನಿಕ್‌ಗಳೇ ನರ ಕೆಡಿಸುವ ವಿಷಗಳು. ಕಾಲಿನ ಜೋಮಿಗೆಂದು ಅವನ್ನೇ ನುಂಗಿದರೆ ಹೇಗೆ?

ಮೈಮೇಲೆ ಹಚ್ಚುವುದಕ್ಕೆ ಇಷ್ಟು ಭಯ ಬೇಡ, ಶಾಖವೊಂದನ್ನು ಬಿಟ್ಟು. ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಹೆಂಚಿನ ಮೇಲೆ ಕಾಯಿಸಿ ಅಂಗಾಲಿಗೆ ಇಡುವುದು ಮನೆಮನೆಯ ಪದ್ಧತಿ. ಇಡುವವರ ಬೆರಳಿಗೆ ಬಿಸಿ ತಾಗಿ ಕೈ ಹಿಂದಕ್ಕೆ ಬರುತ್ತದೆ. ಮರಗಟ್ಟಿದ ಪಾದಕ್ಕೆ ಏನೂ ತಿಳಿಯದು. 'ಇನ್ನೂ ಸ್ವಲ್ಪ ಬಿಸಿ ಇಡವ್ವ' ಎಂದು ರೋಗಿಯೇ ಕೇಳುವುದುಂಟು. ಬೊಬ್ಬೆ ಎದ್ದದ್ದು ಕಾಣುವುದು ಬೆಳಗ್ಗೆ. ಕೀಮೋದಿಂದ ಬಿಳಿ ರಕ್ತಕಣ ಇಳಿದ ಮೈಯಲ್ಲಿ ಅಂಥ ಬೊಬ್ಬೆ ಕೀವು ಕಟ್ಟಿದರೆ ಸಣ್ಣ ವಿಷಯವಲ್ಲ.

ಇನ್ನೊಂದು ಮೋಸ ಯಾರೂ ಬೇಕೆಂದು ಮಾಡುವುದಲ್ಲ. ಆಕ್ಸಾಲಿಪ್ಲಾಟಿನ್ ನಿಲ್ಲಿಸಿದ ಮೇಲೂ ಎರಡು ಮೂರು ತಿಂಗಳು ಜೋಮು ಏರುತ್ತಲೇ ಹೋಗಬಹುದು, ಆಮೇಲೆ ಅನೇಕರಲ್ಲಿ ತಾನಾಗಿ ಇಳಿಯತೊಡಗುತ್ತದೆ. ಸಾಮಾನ್ಯವಾಗಿ ಜನ ಪಂಡಿತರ ಬಳಿಗೆ ಹೋಗುವುದು ನೋವು ತುತ್ತತುದಿಗೆ ಮುಟ್ಟಿದಾಗ. ಇಳಿದ ಪುಣ್ಯ ಪುಡಿಗೆ ಸಲ್ಲುತ್ತದೆ, ಪುಡಿಯ ಹೆಸರು ಪಕ್ಕದೂರಿಗೂ ಹಬ್ಬುತ್ತದೆ. ಅಲ್ಲಿ ಅದನ್ನು ನುಂಗುವವರ ಕೀಮೋ ಇನ್ನೂ ಅರ್ಧದಲ್ಲಿರುತ್ತದೆ.

ಈ ಮಾತನ್ನು ಈಗಲೇ ಎತ್ತಲು ಕಾರಣವಿದೆ. ಜಿಲ್ಲಾ ಮಟ್ಟದಲ್ಲೇ ಕೀಮೋ ಕೊಡುವ ಕೇಂದ್ರಗಳನ್ನು ರಾಜ್ಯ ಸರ್ಕಾರ 2025ರಲ್ಲಿ ತೆರೆಯತೊಡಗಿದೆ. ಕೀಮೋ ಮನೆಗೆ ಹತ್ತಿರವಾದಷ್ಟೂ ಜೋಮಿನ ಪಾದಗಳೂ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಬಾಗಿಲಿಗೆ ಬರುತ್ತವೆ. ಆಶಾ ಕಾರ್ಯಕರ್ತೆಯರಿಗೆ ಪಾದ ನೋಡುವುದನ್ನು, 'ಕಷಾಯ, ಪುಡಿ ಏನಾದರೂ ತಗೋತಿದೀರಾ' ಎಂದು ಗದರದೆ ಕೇಳುವುದನ್ನು ಕಲಿಸಬೇಕು. 2016ರಲ್ಲಿ ಶುರುವಾದ ಚಾಮರಾಜನಗರ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಮತ್ತು ಜಿಲ್ಲಾ ಆಯುಷ್ ಇಲಾಖೆ ಒಟ್ಟಿಗೆ ಕೂತು ಒಂದು ದಾಖಲೆ ಪುಸ್ತಕ ಇಡಬೇಕು: ಯಾವ ಕೀಮೋ, ಯಾವ ಮೂಲಿಕೆ, ಏನಾಯಿತು. ನಾಟಿ ವೈದ್ಯರನ್ನೂ ಆ ಮೇಜಿಗೆ ಕರೆಯಬೇಕು. ಆಸ್ಪತ್ರೆಯ ಕೀಮೋ ಚೀಟಿ ನೋಡದೆ ಮದ್ದು ಕೊಡುವುದಿಲ್ಲ ಎಂದು ಅವರು ಒಪ್ಪಿದರೆ ಅರ್ಧ ಕೆಲಸ ಆದಂತೆ.

ರೋಗಿಯ ಮನೆಯವರು ಇದಕ್ಕೆಲ್ಲ ಕಾಯಬೇಕಿಲ್ಲ. ಮುಂದಿನ ಸಲ ಆಸ್ಪತ್ರೆಗೆ ಹೊರಡುವಾಗ ಫೈಲಿನ ಜೊತೆಗೆ ಪುಡಿಯ ಪೊಟ್ಟಣವನ್ನೂ ಚೀಲಕ್ಕೆ ಹಾಕಿಕೊಳ್ಳಲಿ. ವೈದ್ಯರು ಕೇಳದಿದ್ದರೆ ತಾವೇ ಮೇಜಿನ ಮೇಲಿಡಲಿ.